ಅಂಗಡಿ ಬಿಲ್ ಬರೆಯುವ ಪುಟ್ಟ ಪೈಥಾನ್ ಪ್ರೋಗ್ರಾಂ

ಮೇಲೊಂದು ಗೆರೆ, ನಡುವೆ ಸಾಮಾನು ಮತ್ತು ದರ, ಕೆಳಗೆ ಮತ್ತೊಂದು ಗೆರೆ. ಪೈಥಾನ್ ಕಲಿಯಲು ಶುರು ಮಾಡಿದವರಿಗೆ ಇಂಥ ಬಿಲ್ ಒಳ್ಳೆಯ ಅಭ್ಯಾಸ. ಹೊಸಬರು ಗೆರೆ ಬೇಕಾದ ಕಡೆಯಲ್ಲೆಲ್ಲ ಅದೇ ಸಾಲನ್ನು ಕಾಪಿ ಮಾಡಿ ಅಂಟಿಸುತ್ತಾರೆ. ನಾಳೆ ಗೆರೆ ಉದ್ದ ಮಾಡಬೇಕೆಂದರೆ ಎಲ್ಲ ಕಡೆ ಹುಡುಕಿ ತಿದ್ದಬೇಕು. ಒಂದು ಕಡೆ ಮರೆತೇ ಹೋಗುತ್ತದೆ, ಅಲ್ವಾ? ಇದಕ್ಕೇ ಫಂಕ್ಷನ್ ಬೇಕು, ಅಂದರೆ ಒಮ್ಮೆ ಬರೆದು ಹೆಸರಿಟ್ಟು, ಬೇಕಾದಾಗಲೆಲ್ಲ ಆ ಹೆಸರಿನಿಂದ ಕರೆಯುವ ಕೋಡ್ ತುಣುಕು.

ಓದಲು ಸುಲಭವಾಗಲೆಂದು ಇಲ್ಲಿ ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ನೀವು ಟೈಪ್ ಮಾಡುವಾಗ ಡೆಫ್, ರಿಟರ್ನ್, ಪ್ರಿಂಟ್‌ನಂಥ ಪೈಥಾನ್ ಪದಗಳು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಗೆರೆ, ದರ, ಮೊತ್ತದಂಥ ನಾವೇ ಇಟ್ಟ ಹೆಸರುಗಳು ಮಾತ್ರ ಕನ್ನಡದಲ್ಲೇ ಇರಲಿ, ಪೈಥಾನ್ 3 ಅವನ್ನು ಒಪ್ಪುತ್ತದೆ.

ಮೊದಲು ಗೆರೆ:

ಡೆಫ್ ಗೆರೆ():
    ರಿಟರ್ನ್ "-" * 30

ಅಡ್ಡಗೀಟನ್ನು 30 ಸಲ ಬರೆ ಎಂದು ಇದರರ್ಥ. ಎರಡನೇ ಸಾಲಿನ ಮುಂದೆ ಸ್ಪೇಸ್ ಬಿಡಲೇಬೇಕು, ನಾಲ್ಕು ಬಿಡುವುದು ರೂಢಿ. ಇನ್ನು ಪ್ರಿಂಟ್(ಗೆರೆ()) ಎಂದು ಎಲ್ಲಿ ಬರೆದರೂ ಗೆರೆ ಬರುತ್ತದೆ.

ಇಲ್ಲಿ ರಿಟರ್ನ್ ಯಾಕೆ, ಫಂಕ್ಷನ್ ಒಳಗೇ ಪ್ರಿಂಟ್ ಹಾಕಿದರಾಗದೇ? ಆಗುತ್ತದೆ, ಆದರೆ ಬೇಡ. ರಿಟರ್ನ್ ಇದ್ದರೆ ಪಠ್ಯ ನಿಮ್ಮ ಕೈಗೆ ಸಿಗುತ್ತದೆ. ಅದನ್ನು ಪರದೆಗೆ ಕಳಿಸಬಹುದು, ಫೈಲಿಗೆ ಬರೆಯಬಹುದು, ಇನ್ನೊಂದು ಸಾಲಿಗೆ ಜೋಡಿಸಬಹುದು. ಒಳಗೇ ಪ್ರಿಂಟ್ ಮಾಡಿ, ಹೊರಗೂ ಪ್ರಿಂಟ್ ಎಂದು ಕರೆದರೆ ಗೆರೆಯ ಕೆಳಗೆ ಸುಮ್ನೆ 'ನನ್' (ಏನೂ ಇಲ್ಲ) ಎಂಬ ಇಂಗ್ಲಿಷ್ ಪದ ಬಂದು ಕೂರುತ್ತದೆ. ಫಂಕ್ಷನ್ ಏನನ್ನೂ ವಾಪಸ್ ಕೊಡಲಿಲ್ಲ ಎಂದು ಪೈಥಾನ್ ಹೇಳುವ ರೀತಿ ಅದು.

ಈಗ ದರ:

ಡೆಫ್ ದರ(ಮೊತ್ತ):
    ರಿಟರ್ನ್ ಫಾರ್ಮ್ಯಾಟ್(ಮೊತ್ತ, ".2ಎಫ್").ಆರ್‌ಜಸ್ಟ್(10)

".2ಎಫ್" ಎಂದರೆ ಚುಕ್ಕೆಯ ನಂತರ ಎರಡು ಅಂಕಿ ಎಂದರ್ಥ (ಇಲ್ಲಿನ ಎಫ್ ಕೂಡ ಇಂಗ್ಲಿಷ್ ಅಕ್ಷರವೇ). 45 ಕೊಟ್ಟರೆ 45.00 ಆಗುತ್ತದೆ. ಆರ್‌ಜಸ್ಟ್ ಎಂಬ ಮೆಥಡ್ (ಪಠ್ಯದ ಮುಂದೆ ಚುಕ್ಕೆ ಹಾಕಿ ಕರೆಯುವ ಫಂಕ್ಷನ್) ಅದಕ್ಕೆ ಎಡಗಡೆ ಸ್ಪೇಸ್ ತುಂಬಿ ಒಟ್ಟು 10 ಅಕ್ಷರದ ಅಗಲ ಮಾಡುತ್ತದೆ. 45 ಇರಲಿ, 1250 ಇರಲಿ, ಪೈಸೆಗಳು ಒಂದರ ಕೆಳಗೊಂದು ನೇರ ನಿಲ್ಲುತ್ತವೆ.

ಸಾಮಾನಿನ ಹೆಸರಿಗೂ ಹೀಗೇ ಮಾಡಬಹುದು ಅನ್ನಿಸುತ್ತದೆ. ಕನ್ನಡದಲ್ಲಿ ಅದು ಕೈಕೊಡುತ್ತದೆ. 'ಸಕ್ಕರೆ' ನಮ್ಮ ಕಣ್ಣಿಗೆ ಮೂರಕ್ಷರ, ಪೈಥಾನ್ ಲೆಕ್ಕದಲ್ಲಿ 6. ಒತ್ತಕ್ಷರದ ಎರಡು 'ಕ'ಗಳನ್ನೂ ಅವುಗಳ ನಡುವಿನ ಹಲಂತದ ಗುರುತನ್ನೂ (್) ಎತ್ವದ ಗುರುತನ್ನೂ ಅದು ಬೇರೆ ಬೇರೆಯಾಗಿ ಎಣಿಸುತ್ತದೆ. ಹಾಗಾಗಿ ಅಂಕಣ ಸೊಟ್ಟಗಾಗುತ್ತದೆ. ಅದಕ್ಕೆ ಸುಲಭದ ದಾರಿ ದರವನ್ನು ಮುಂದಿಟ್ಟು ಹೆಸರನ್ನು ಕೊನೆಗೆ ಹಾಕುವುದು:

ಡೆಫ್ ಸಾಲು(ಹೆಸರು, ಮೊತ್ತ):
    ರಿಟರ್ನ್ ದರ(ಮೊತ್ತ) + "  " + ಹೆಸರು

ಒಂದು ಫಂಕ್ಷನ್ ಇನ್ನೊಂದನ್ನು ಕರೆಯುತ್ತಿರುವುದನ್ನು ಗಮನಿಸಿ. ಕೊನೆಗೆ ಮೊತ್ತಗಳನ್ನು ಕೂಡಿಸಿ, ಒಟ್ಟು ಸಾಲನ್ನೂ ಇದೇ ಫಂಕ್ಷನ್ನಿನಿಂದ ಬರೆಸಿ: ಪ್ರಿಂಟ್(ಸಾಲು("ಒಟ್ಟು", 45 + 1250)).