ಸ್ಲೋ ಕುಕ್ಕರ್ ಇಲ್ಲದೆ ಬೀಫ್ ಸ್ಟ್ಯೂ: ನಾನು ಮಾಡೋ ರೀತಿ

ಅಮೆರಿಕದಲ್ಲಿ ಚಳಿ ಶುರುವಾದರೆ ಸಾಕು, ಎಲ್ಲರ ಬಾಯಲ್ಲೂ ಸ್ಲೋ ಕುಕ್ಕರ್ ಮಾತು. ಬೆಳಿಗ್ಗೆ ಎಲ್ಲಾ ತುಂಬಿ ಸ್ವಿಚ್ ಹಾಕಿ ಹೋದರೆ ಸಂಜೆಗೆ ಸ್ಟ್ಯೂ ರೆಡಿ ಅಂತ. ನನ್ನ ಹತ್ತಿರ ಅದಿಲ್ಲ, ತಗೊಳ್ಳೋ ಯೋಚನೆಯೂ ಇಲ್ಲ. ಮಿಶಿಗನ್‌ನ ನಮ್ಮ ಸಣ್ಣ ಅಪಾರ್ಟ್‌ಮೆಂಟಿನ ಅಡುಗೆ ಕಟ್ಟೆ ಮೇಲೆ ಮಿಕ್ಸಿ, ರೈಸ್ ಕುಕ್ಕರ್, ದೋಸೆ ಹಿಟ್ಟಿನ ಗ್ರೈಂಡರ್ ಇಟ್ಟ ಮೇಲೆ ತರಕಾರಿ ಹೆಚ್ಚೋಕೇ ಜಾಗ ಸಾಲಲ್ಲ. ಆದರೆ ಸ್ಟ್ಯೂ ಮಾತ್ರ ಚಳಿಗಾಲ ಪೂರ್ತಿ ಮಾಡುತ್ತೇನೆ. ಒಂದು ದಪ್ಪ ತಳದ ಪಾತ್ರೆ, ಒಂದು ಓವನ್, ಮನೆಯಲ್ಲೇ ಇರುವ ಒಂದು ಮಧ್ಯಾಹ್ನ. ಅಷ್ಟೇ ಬೇಕಾಗಿರೋದು.

ಇನ್ನೊಂದು ವಿಷಯ. ಸ್ಲೋ ಕುಕ್ಕರೇ ಓವನ್ ನೋಡಿ ಹುಟ್ಟಿದ್ದು. ಅದರ ಪೇಟೆಂಟ್ ಪಡೆದವನು ಇರ್ವಿಂಗ್ ನ್ಯಾಕ್ಸನ್, 1940ರಲ್ಲಿ. ಯಹೂದಿಗಳು ಸಬ್ಬತ್ ದಿನ, ಅಂದರೆ ಶನಿವಾರದ ವಿಶ್ರಾಂತಿ ದಿನ, ಒಲೆ ಹಚ್ಚುವುದಿಲ್ಲ. ಹಾಗಾಗಿ ಶುಕ್ರವಾರ ಸಂಜೆಯೇ ಮಾಂಸ, ಕಾಳು ತುಂಬಿದ ಪಾತ್ರೆಯನ್ನು ಊರಿನ ಬೇಕರಿಯ ಓವನ್‌ನಲ್ಲಿಟ್ಟು ಬರುತ್ತಿದ್ದರು, ಬೇಕರಿಯ ಬಿಸಿ ಆರುತ್ತಾ ಹೋದ ಹಾಗೆ ರಾತ್ರಿಯಿಡೀ ಅದು ಬೇಯುತ್ತಿತ್ತು. ಚೋಲೆಂಟ್ ಅಂತ ಆ ಅಡುಗೆಯ ಹೆಸರು. ಅಮ್ಮ ಹೇಳುತ್ತಿದ್ದ ಈ ಕಥೆಯೇ ನ್ಯಾಕ್ಸನ್‌ಗೆ ಐಡಿಯಾ ಕೊಟ್ಟಿದ್ದು. 1971ರಲ್ಲಿ ಅದೇ ಯಂತ್ರ ಕ್ರಾಕ್-ಪಾಟ್ ಹೆಸರಲ್ಲಿ ಅಂಗಡಿಗೆ ಬಂತು. ಅಂದರೆ ಓವನ್‌ನಲ್ಲಿ ಮಾಡೋದೇ ಹಳೇ ಪದ್ಧತಿ, ಯಂತ್ರ ಬಂದಿದ್ದು ಆಮೇಲೆ. ಮನೆ ಬಿಟ್ಟು ಹೊರಗೆ ಹೋಗಬಹುದು ಅನ್ನೋದು ಅದರ ನಿಜವಾದ ಅನುಕೂಲ. ರುಚಿಯ ವಿಷಯದಲ್ಲಿ ಓವನ್ನೇ ಮೇಲು ಅಂತ ನನ್ನ ಅಭಿಪ್ರಾಯ.

ಮೊದಲು ಮಾಂಸ. ಅಂಗಡಿಯಲ್ಲಿ 'ಸ್ಟ್ಯೂ ಮೀಟ್' ಅಂತ ಹೆಚ್ಚಿಟ್ಟ ಪ್ಯಾಕೆಟ್ ಇರುತ್ತದಲ್ಲ, ಅದನ್ನು ನಾನು ಮುಟ್ಟಲ್ಲ. ಬೇರೆ ಬೇರೆ ಭಾಗದ ಚೂರುಗಳು ಅದರಲ್ಲಿ ಸೇರಿರಬಹುದು. ಒಂದು ಚೂರು ಬೆಂದು ಬಿಡಿಬಿಡಿಯಾದಾಗ ಪಕ್ಕದ್ದು ಇನ್ನೂ ರಬ್ಬರ್. ಚಕ್ ರೋಸ್ಟ್ ಅಂತ ಇಡೀ ತುಂಡು ಕೇಳಿ, ಅದು ದನದ ಭುಜದ ಭಾಗ. ಒಳಗೆಲ್ಲಾ ಬಿಳಿ ಗೆರೆ ಗೆರೆಯಾಗಿ ಕೊಬ್ಬು, ನಾರು ಹರಡಿರುತ್ತದೆ. ಸೊಂಟದ ಕಡೆಯ ಮೆತ್ತನೆ ದುಬಾರಿ ಮಾಂಸ ತಂದರೆ ದುಡ್ಡೂ ದಂಡ, ಸ್ಟ್ಯೂವೂ ದಂಡ. ಅದರಲ್ಲಿ ಕರಗೋಕೆ ನಾರೇ ಇಲ್ಲವಲ್ಲ, ಎರಡು ಗಂಟೆ ಬೆಂದರೆ ಬರೀ ಒಣ ಹತ್ತಿ. ನಾಲ್ಕು ಜನಕ್ಕೆ ಮಿಕ್ಕಿ ಮಾರನೇ ದಿನಕ್ಕೂ ಬರಲಿ ಅಂತ ನಾನು 3 ಪೌಂಡ್, ಅಂದರೆ ಸುಮಾರು 1.4 ಕೆಜಿ ತರುತ್ತೇನೆ. ಒಂದೂವರೆ ಎರಡು ಇಂಚಿನ ತುಂಡು ಮಾಡುತ್ತೇನೆ. ಬೆಂದಾಗ ಹೇಗೂ ಕುಗ್ಗುತ್ತದೆ, ಸಣ್ಣದು ಮಾಡಬೇಡಿ.

ತುಂಡುಗಳನ್ನು ಪೇಪರ್ ಟವೆಲ್‌ನಲ್ಲಿ ಒತ್ತಿ ಒತ್ತಿ ಒರೆಸಿ, ಉಪ್ಪು, ಮೆಣಸಿನ ಪುಡಿ ಸವರಿ. ಮೆಣಸಿನ ಪುಡಿ ಅಂದರೆ ಕಾಳುಮೆಣಸು, ಖಾರದ ಪುಡಿ ಅಲ್ಲ. ಒರೆಸೋದು ಯಾಕೆ ಅಂದರೆ, ನೀರಿರೋ ತನಕ ಮಾಂಸದ ಮೇಲ್ಭಾಗ 100 ಡಿಗ್ರಿ ದಾಟಲ್ಲ, ಕಂದು ಬಣ್ಣ ಬರೋಕೆ 140 ಡಿಗ್ರಿ ಸೆಲ್ಸಿಯಸ್ ಆಸುಪಾಸಾದರೂ ಬೇಕು. ಪಾತ್ರೆ ಚೆನ್ನಾಗಿ ಕಾದ ಮೇಲೆ ಎಣ್ಣೆ ಹಾಕಿ, ಐದಾರು ತುಂಡು ಮಾತ್ರ ಬಿಡಿ. ಇಟ್ಟ ತಕ್ಷಣ ಚುಂಯ್ ಅನ್ನಬೇಕು. ಆ ಸದ್ದು ಕಡಿಮೆಯಾಗಿ ಗುಳುಗುಳು ಅಂತ ಕೇಳಿಸಿದರೆ ಮಾಂಸ ನೀರು ಬಿಟ್ಟುಕೊಂಡಿದೆ, ಪಾತ್ರೆ ತುಂಬಿಹೋಗಿದೆ ಅಂತ ಅರ್ಥ, ಒಂದೆರಡು ತುಂಡು ತೆಗೆದುಬಿಡಿ. ಇಟ್ಟ ಮೇಲೆ ಸುಮ್ನೆ ಕೆದಕುತ್ತಾ ಇರಬೇಡಿ. ಅಂಟಿಕೊಂಡ ಹಾಗೆ ಕಾಣುತ್ತದೆ, ಆದರೆ ಬಣ್ಣ ಬಂದ ಮೇಲೆ ತಾನೇ ತಳ ಬಿಡುತ್ತದೆ. ಎರಡು ಬದಿ ಚೆನ್ನಾಗಿ ಕಂದಾದರೆ ಸಾಕು, ಆರೂ ಬದಿ ಹುರಿಯೋ ತಾಳ್ಮೆ ನನಗಿಲ್ಲ, ಅಗತ್ಯವೂ ಇಲ್ಲ.

ಮಾಂಸ ತೆಗೆದಿಟ್ಟ ಮೇಲೆ ಪಾತ್ರೆಯ ತಳದಲ್ಲಿ ಕಂದು ಪದರ ಹಿಡಿದಿರುತ್ತದೆ. ರುಚಿಯೆಲ್ಲಾ ಅದರಲ್ಲೇ ಇರೋದು. ಕಪ್ಪಾಗಿ ಸೀದಿದ್ದರೆ ಮಾತ್ರ ತೊಳೆಯಿರಿ. ಅದೇ ಪಾತ್ರೆಗೆ ಎರಡು ದೊಡ್ಡ ಈರುಳ್ಳಿ, ಐದಾರು ಎಸಳು ಬೆಳ್ಳುಳ್ಳಿ. ಈರುಳ್ಳಿ ಮೆತ್ತಗಾದ ಮೇಲೆ ಎರಡು ಚಮಚ ಟೊಮೇಟೊ ಪೇಸ್ಟ್ ಹಾಕಿ, ಕೆಂಪು ಹೋಗಿ ಇಟ್ಟಿಗೆ ಬಣ್ಣ ಬರೋ ತನಕ ಹುರಿಯಿರಿ. ನಂತರ ಮೂರು ಚಮಚ ಮೈದಾ, ಒಂದು ನಿಮಿಷ ಕೈಯಾಡಿಸಿ. ಒಂದು ಲೋಟ ರೆಡ್ ವೈನ್ ಸುರಿದು, ಮರದ ಸೌಟಿನಲ್ಲಿ ತಳ ಕೆರೆದು, ಅರ್ಧಕ್ಕೆ ಇಳಿಸಿ. ವೈನ್ ಬೇಡದವರು ಸ್ಟಾಕನ್ನೇ (ಮೂಳೆ, ಮಾಂಸ ಬೇಯಿಸಿ ಸೋಸಿದ ರಸ) ಸುರಿದು ಕೆರೆಯಬಹುದು, ಕೊನೆಯಲ್ಲಿ ಒಂದು ಚಮಚ ವಿನೆಗರ್ ಹಾಕಿದರೆ ಹುಳಿ ಸರಿಹೋಗುತ್ತದೆ. ಮಾಂಸ ವಾಪಸ್ ಹಾಕಿ, ಎರಡು ಪಲಾವ್ ಎಲೆ, ಒಂದಿಷ್ಟು ಥೈಮ್. ಬೀಫ್ ಸ್ಟಾಕ್ ಎಷ್ಟು ಅಂದರೆ, ಮಾಂಸದ ತುದಿ ಹೊರಗೆ ಇಣುಕುತ್ತಿರಬೇಕು. ಸಾರಿಗೆ ಹಾಕೋ ಅಂದಾಜಲ್ಲಿ ಸುರಿದರೆ ತೆಳ್ಳಗಾಗಿಬಿಡುತ್ತದೆ.

ಒಲೆ ಮೇಲೆ ಒಂದು ಕುದಿ ಬಂದ ಕೂಡಲೇ ಓವನ್‌ಗೆ ಹೋಗಲಿ. 300 ಡಿಗ್ರಿ ಫ್ಯಾರನ್‌ಹೀಟ್, ಸೆಲ್ಸಿಯಸ್‌ನಲ್ಲಿ 150. ಮುಚ್ಚಳ ಒಂದು ಬೆರಳಷ್ಟು ಸರಿಸಿಡಿ. ಒಲೆ ಮೇಲಾದರೆ ಬಿಸಿ ತಳದಿಂದ ಮಾತ್ರ ಬರುತ್ತದೆ, ಮೈದಾ ಇರೋದರಿಂದ ತಳ ಹಿಡಿಯೋ ಭಯ. ಓವನ್‌ನಲ್ಲಿ ನಾಲ್ಕೂ ಕಡೆಯಿಂದ ಒಂದೇ ಸಮ ಬಿಸಿ, ಮೇಲೆದ್ದ ತುಂಡುಗಳ ತುದಿಗೂ ಬಣ್ಣ ಬರುತ್ತದೆ, ಸ್ವಲ್ಪ ಸ್ವಲ್ಪವೇ ನೀರು ಆರಿ ರಸ ಗಟ್ಟಿಯಾಗುತ್ತದೆ. ಇದು ಸ್ಲೋ ಕುಕ್ಕರಿನಲ್ಲಿ ಆಗಲ್ಲ, ಮುಚ್ಚಳದ ಹಬೆಯೆಲ್ಲಾ ನೀರಾಗಿ ಒಳಗೇ ಬೀಳುತ್ತದೆ. ಅರ್ಧ ಗಂಟೆ ಬಿಟ್ಟು ಒಮ್ಮೆ ತೆಗೆದು ನೋಡಿ. ಅಲ್ಲೊಂದು ಇಲ್ಲೊಂದು ಗುಳ್ಳೆ ನಿಧಾನವಾಗಿ ಎದ್ದರೆ ಸರಿ. ಕೊತಕೊತ ಕುದಿಯುತ್ತಿದ್ದರೆ 25 ಡಿಗ್ರಿ ಫ್ಯಾರನ್‌ಹೀಟ್ ಇಳಿಸಿ. ಜೋರಾಗಿ ಕುದಿಸಿದರೆ ನಾರು ಕರಗೋ ಮೊದಲೇ ಮಾಂಸ ಬಿಗಿದುಕೊಂಡು ರಸ ಹಿಂಡಿಬಿಡುತ್ತದೆ. ನಾರು ಕರಗಿ ಜೆಲಟಿನ್ ಆಗೋಕೆ ಬಿಸಿಯ ಜೊತೆಗೆ ಟೈಮೂ ಬೇಕು.

ಆಲೂಗಡ್ಡೆ, ಕ್ಯಾರೆಟ್ ಮೊದಲೇ ಹಾಕಬೇಡಿ, ಮುದ್ದೆಯಾಗುತ್ತದೆ. ಒಂದೂ ಮುಕ್ಕಾಲು ಗಂಟೆ ಆದ ಮೇಲೆ ಹಾಕಿ, ಇನ್ನೂ ಒಂದು ಗಂಟೆ ಕೊಡಿ. ಆಲೂಗಡ್ಡೆ ಬೇಯೋದು ಇಲ್ಲಿ ನೀವು ಅಂದುಕೊಂಡಿದ್ದಕ್ಕಿಂತ ನಿಧಾನ, ಯಾಕೆಂದರೆ ವೈನ್, ಟೊಮೇಟೊ ಎರಡೂ ಹುಳಿ. ಸಾಂಬಾರಿಗೆ ತರಕಾರಿ ಬೆಂದ ಮೇಲೇ ಹುಣಸೆರಸ ಹಾಕು ಅಂತ ಅಮ್ಮಂದಿರು ಹೇಳೋದು ಇದಕ್ಕೇ ಅಲ್ವಾ. ಯೂಕಾನ್ ಗೋಲ್ಡ್ ಆಲೂಗಡ್ಡೆ ಆಕಾರ ಉಳಿಸಿಕೊಳ್ಳುತ್ತದೆ, ರಸೆಟ್ ಒಡೆದು ರಸದಲ್ಲಿ ಸೇರುತ್ತದೆ. ಹಸಿ ಬಟಾಣಿ ಬೇಕಿದ್ದರೆ ಕೊನೇ ಐದು ನಿಮಿಷಕ್ಕೆ. ಆಯಿತಾ ಅಂತ ನೋಡೋಕೆ ಗಡಿಯಾರ ನಂಬಬೇಡಿ. ಒಂದು ತುಂಡಿಗೆ ಫೋರ್ಕ್ ಚುಚ್ಚಿ ತಿರುಗಿಸಿ, ಬಿಡಿಸಿಕೊಂಡು ಬರಬೇಕು. ಗಟ್ಟಿ ಇದ್ದರೆ ಇನ್ನೂ ಇಪ್ಪತ್ತು ನಿಮಿಷ.

ಊರಿಗೆ ಹೋದಾಗ ತಂಗಿ ಮನೆಯಲ್ಲಿ ಓವನ್ ಇಲ್ಲ, ಅಲ್ಲಿ ಪ್ರೆಶರ್ ಕುಕ್ಕರ್. ಅದರಲ್ಲೂ ಚೆನ್ನಾಗೇ ಆಗುತ್ತದೆ, ಆದರೆ ಲೆಕ್ಕ ಬೇರೆ. ನೀರು ಆರುವುದಿಲ್ಲ, ಆದ್ದರಿಂದ ಸ್ಟಾಕ್ ಅರ್ಧಕ್ಕಿಳಿಸಿ. ಮೈದಾ ಮೊದಲೇ ಹಾಕಿದರೆ ತಳ ಸೀಯುತ್ತದೆ, ಕೊನೆಯಲ್ಲಿ ಬೆಣ್ಣೆಯಲ್ಲಿ ಕಲಸಿ ಸೇರಿಸಿ. ವಿಷಲ್ ಎಣಿಸೋದಕ್ಕಿಂತ ನಿಮಿಷ ನೋಡೋದು ಒಳ್ಳೇದು. ಮೊದಲ ವಿಷಲ್ ಆದ ಮೇಲೆ ಉರಿ ಸಣ್ಣ ಮಾಡಿ, ಚಕ್‌ಗೆ ಅರ್ಧ ಗಂಟೆ. ಕರ್ನಾಟಕದ 2020ರ ಕಾಯ್ದೆ ಪ್ರಕಾರ 13 ವರ್ಷ ದಾಟಿದ ಎಮ್ಮೆ, ಕೋಣ ಮಾತ್ರ ಕಡಿಯಬಹುದು. ವಯಸ್ಸಾದ ಪ್ರಾಣಿಯ ನಾರು ಗಟ್ಟಿ, ಹಾಗಾಗಿ ಅಲ್ಲಿ ನಲವತ್ತೈದು ನಿಮಿಷವೂ ಹಿಡಿಯುತ್ತದೆ. ಅವಸರಕ್ಕೆ ವೆಯ್ಟ್ ಎತ್ತಿ ಹಬೆ ಬಿಡಬೇಡಿ, ಪ್ರೆಶರ್ ತಾನಾಗಿ ಇಳಿಯಲಿ. ಒಮ್ಮೆಗೇ ಬಿಟ್ಟರೆ ಒಳಗೆ ರಸ ಉಕ್ಕಿ ಕುದ್ದು ಮಾಂಸ ಒಣಗುತ್ತದೆ. ತರಕಾರಿ ಮುಚ್ಚಳ ತೆಗೆದ ಮೇಲೆ ಹಾಕಿ ಬೇಯಿಸಿ.

ನಾನು ಸಾಮಾನ್ಯವಾಗಿ ಭಾನುವಾರ ಮಾಡಿ ಸೋಮವಾರ ತಿನ್ನುತ್ತೇನೆ. ಮಾರನೇ ದಿನ ಮೇಲೆ ಕೊಬ್ಬು ಬಿಳಿ ಪದರವಾಗಿ ಗಟ್ಟಿಯಾಗಿರುತ್ತದೆ, ಚಮಚದಲ್ಲಿ ಎತ್ತಿ ತೆಗೆದರೆ ಆಯಿತು. ಕೆಳಗೆ ರಸ ಅಲುಗಾಡೋ ಜೆಲ್ಲಿಯಾಗಿದ್ದರೆ ನಾರು ಚೆನ್ನಾಗಿ ಕರಗಿದೆ. ರಾತ್ರಿಯಿಡೀ ಒಲೆ ಮೇಲೇ ಬಿಡಬೇಡಿ, ಅಗಲದ ಡಬ್ಬಗಳಿಗೆ ಹಂಚಿ ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ನನ್ನ ಗಂಡನಿಗೆ ಬ್ರೆಡ್ ಬೇಕು, ನನಗೆ ಬಿಸಿ ಅನ್ನ. ಫ್ರೀಜರ್‌ನಲ್ಲಿ ಇಡೋದಾದರೆ ಆಲೂಗಡ್ಡೆ ಆರಿಸಿ ತೆಗೆದುಬಿಡಿ, ಕರಗಿಸಿದ ಮೇಲೆ ಅದು ಮರಳು ಮರಳಾಗುತ್ತದೆ. ಬಿಸಿ ಮಾಡುವಾಗ ಬೇರೆ ಬೇಯಿಸಿ ಹಾಕಿಕೊಳ್ಳಿ.