ಬಿದಿರು ಬ್ರಶ್: ಮಳೆಗಾಲ ದಾಟಿಸುವುದೇ ದೊಡ್ಡ ಕೆಲಸ

ಮೊದಲು ತೂಕದ ಲೆಕ್ಕ. ಮನೆಯಲ್ಲಿ ನಾಲ್ಕು ಜನ, ಮೂರು ತಿಂಗಳಿಗೊಮ್ಮೆ ಹಲ್ಲುಜ್ಜುವ ಬ್ರಶ್ ಬದಲು ಅಂದರೆ ವರ್ಷಕ್ಕೆ 16. ಅಡುಗೆಮನೆಯ ತಕ್ಕಡಿಯಲ್ಲಿ ನಮ್ಮ ಪ್ಲಾಸ್ಟಿಕ್ ಬ್ರಶ್ ಒಂದಕ್ಕೆ 17 ಗ್ರಾಂ ಬಂತು. ವರ್ಷಕ್ಕೆ 270 ಗ್ರಾಂ ಹತ್ತಿರ, ಕಾಲು ಕಿಲೋಗಿಂತ ಸ್ವಲ್ಪ ಜಾಸ್ತಿ. ಹಾಲಿನ ಪ್ಯಾಕೆಟ್, ಎಣ್ಣೆ ಪ್ಯಾಕೆಟ್‌ಗಳ ರಾಶಿಯ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಹಾಲಿನ ಕವರನ್ನು ತೊಳೆದು ಒಣಗಿಸಿಟ್ಟರೆ ಗುಜರಿಯವರು ಒಯ್ಯುತ್ತಾರೆ, ಬ್ರಶ್ಶನ್ನು ಯಾರೂ ಮುಟ್ಟುವುದಿಲ್ಲ. ಪಾಲಿಪ್ರೊಪಿಲೀನ್ ಹಿಡಿ, ಅದರ ಮೇಲೆ ಕೈ ಜಾರದಿರಲೆಂದು ರಬ್ಬರಿನಂಥ ಇನ್ನೊಂದು ಪ್ಲಾಸ್ಟಿಕ್, ತುದಿಯಲ್ಲಿ ನೈಲಾನ್ ಕೂದಲು, ಕೂದಲನ್ನು ಕಚ್ಚಿ ಹಿಡಿಯಲು ಲೋಹದ ಚೂರು. ನಾಲ್ಕು ವಸ್ತು ಒಂದಕ್ಕೊಂದು ಅಂಟಿರುವುದನ್ನು ಬಿಡಿಸಿ ಮಾರಿದರೆ ಕೂಲಿಯೂ ಹುಟ್ಟುವುದಿಲ್ಲ. ಒಣ ಕಸದ ಚೀಲಕ್ಕೆ ಹಾಕಿದರೂ ವಿಂಗಡಿಸುವ ಮೇಜಿನಿಂದ ಅದು ನೇರ ಹೋಗುವುದು ತಿಪ್ಪೆಗೇ.

ಬಿದಿರಿನ ಬ್ರಶ್ಶಿಗೆ ಬದಲಾದರೆ ಪ್ಲಾಸ್ಟಿಕ್ ಪೂರ್ತಿ ಹೋಯಿತು ಅಂದುಕೊಳ್ಳಬೇಡಿ. ಹಿಡಿ ಮಾತ್ರ ಬಿದಿರು, ಕೂದಲು ಈಗಲೂ ನೈಲಾನೇ. 1938ರಲ್ಲಿ ಅಮೆರಿಕದ ಡ್ಯೂಪಾಂಟ್‌ನ ನೈಲಾನ್ ಬ್ರಶ್ಶಿಗೆ ಬರುವ ತನಕ ಹಂದಿಯ ಬಿರುಗೂದಲನ್ನೇ ಬಳಸುತ್ತಿದ್ದರು. ಹಂದಿ ಕೂದಲಿನ ಬ್ರಶ್ ಈಗಲೂ ಸಿಗುತ್ತದೆ, ಆದರೆ ಅದು ನೀರು ಕುಡಿದು ಬೇಗ ಒಣಗುವುದಿಲ್ಲ. ಮಲೆನಾಡಿನ ಬಚ್ಚಲಿಗೆ ಅದು ಆಗದ ಮಾತು, ನಮ್ಮಲ್ಲಿ ಹಲವರಿಗೆ ಬಾಯಿಗೆ ಇಡಲೂ ಮನಸ್ಸಾಗದು. ಪೊಟ್ಟಣದ ಮೇಲೆ 'ಇದ್ದಿಲು ಕೂದಲು' ಎಂದಿದ್ದರೆ ಅದು ಇದ್ದಿಲ ಪುಡಿ ಬೆರೆಸಿದ ನೈಲಾನ್ ಅಷ್ಟೆ. 'ಸಸ್ಯಮೂಲದ ಕೂದಲು' ಎಂದಿದ್ದರೆ ಹೆಚ್ಚಾಗಿ ಹರಳೆಣ್ಣೆಯಿಂದ ಮಾಡಿದ ನೈಲಾನ್ 1010. ಹರಳು ಬೆಳೆಯುವುದರಲ್ಲಿ ನಮ್ಮ ದೇಶವೇ ಜಗತ್ತಿಗೆ ಮುಂದು, ಪೆಟ್ರೋಲಿಯಂ ಬದಲು ಹರಳೆಣ್ಣೆ ಎಂಬುದು ಸಂತೋಷವೇ. ಆದರೆ ಗಿಡದಿಂದ ಬಂದದ್ದೆಲ್ಲ ಮಣ್ಣಿಗೆ ಸೇರುವುದಿಲ್ಲ. ಈ ನೈಲಾನ್ ಕೂಡ ಗೊಬ್ಬರದ ಗುಂಡಿಯಲ್ಲಿ ಹಾಗೇ ಬಿದ್ದಿರುತ್ತದೆ. 'ನೂರಕ್ಕೆ ನೂರು ಕೊಳೆಯುವ ಬ್ರಶ್' ಎಂದು ಬರೆದು ಕೂದಲು ಯಾವುದರದ್ದೆಂದು ಬರೆಯದಿದ್ದರೆ ನಾನು ಅದನ್ನು ಕೊಳ್ಳುವುದಿಲ್ಲ.

ಮನೆಯಲ್ಲಿರುವ ಪ್ಲಾಸ್ಟಿಕ್ ಬ್ರಶ್ ಬಿಸಾಡಿ ಹೊಸದು ತರುವುದು ಮೊದಲ ತಪ್ಪು. ಇರುವುದು ಸವೆಯಲಿ. ಸವೆದದ್ದು ಹೊಲಿಗೆ ಯಂತ್ರದ ಹಲ್ಲಿನ ನಡುವಿನ ಧೂಳಿಗೆ, ಗ್ಯಾಸ್ ಬರ್ನರಿಗೆ, ಹುಣಸೆಹಣ್ಣು ಹಾಕಿ ದೀಪದ ಕಂಬ ತಿಕ್ಕುವುದಕ್ಕೆ ಆಗುತ್ತದೆ.

ಕೊಳ್ಳುವಾಗ ಮೊದಲು ನೋಡುವುದು ತಲೆಯ ದಪ್ಪ. ಕೂದಲಿನ ಕುಚ್ಚುಗಳನ್ನು ಕೂರಿಸಲು ತೂತು ಕೊರೆಯಬೇಕು, ಬಿದಿರು ಸೀಳದಿರಲು ತಲೆ ದಪ್ಪ ಇರಲೇಬೇಕು. ಹಾಗಾಗಿ ಬಿದಿರಿನ ಬ್ರಶ್ಶಿನ ತಲೆ ಪ್ಲಾಸ್ಟಿಕ್ಕಿನದಕ್ಕಿಂತ ಒಂದೆರಡು ಮಿಲಿಮೀಟರ್ ದಪ್ಪ. ಕೊನೆಯ ದವಡೆ ಹಲ್ಲಿನ ಹಿಂದೆ, ಕೆನ್ನೆಯ ಒಳಗೆ ಅದು ತಾಗುತ್ತದೆ. ದೊಡ್ಡವರು ಕೂಡ ತಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಮೀರದ್ದನ್ನೇ ಆರಿಸಿದರೆ ಕೈ ಬೇಗ ಹೊಂದಿಕೊಳ್ಳುತ್ತದೆ. ಕೂದಲು 'ಸಾಫ್ಟ್' ಇರಲಿ. ಅದಕ್ಕಿಂತ ಮುಖ್ಯ, ಎಳೆಯ ತುದಿ ಉರುಟಾಗಿದೆಯೇ ನೋಡಿ. ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರದಿಂದ ತೆಗೆದು ಹಿಗ್ಗಿಸಿದರೆ ಗೊತ್ತಾಗುತ್ತದೆ. ಕತ್ತರಿಯಲ್ಲಿ ಕತ್ತರಿಸಿದಂತೆ ಚೂಪು ಅಂಚು ಕಂಡರೆ ಅದು ವಸಡು ಕೆರೆಯುತ್ತದೆ. ಅಗ್ಗದ ಬಿದಿರು ಬ್ರಶ್ಶುಗಳಲ್ಲಿ ಇದು ಹೆಚ್ಚು. ಮೂರನೆಯದು ಗೆಣ್ಣು. ಕುತ್ತಿಗೆಯ ಹತ್ತಿರ ಗೆಣ್ಣಿನ ಗುರುತು, ಅಂದರೆ ನೇರ ಹೋಗುವ ನಾರು ಅಡ್ಡ ತಿರುಗಿದ ಕಲೆ ಇದ್ದರೆ ಮುರಿಯುವುದು ಅಲ್ಲೇ. ಬಣ್ಣ ಬಳಿದದ್ದು ಬೇಡ. ಕಂದು ಬಣ್ಣದ್ದಾದರೆ ಹಬೆಯಲ್ಲಿ ಬೇಯಿಸಿ ಒಳಗಿನ ಸಕ್ಕರೆಯನ್ನು ಕಂದಿಸಿದ ಬಿದಿರು, ತಿಳಿ ಹಳದಿಯದಕ್ಕಿಂತ ಬೂಷ್ಟು ಸ್ವಲ್ಪ ತಡೆಯುತ್ತದೆ.

ಹೊಸ ಬ್ರಶ್ಶನ್ನು ಹಾಗೇ ಬಾಯಿಗಿಡುವುದಿಲ್ಲ. ಹಿಡಿಯನ್ನು ಒಮ್ಮೆ ಒದ್ದೆ ಮಾಡಿ ನೆರಳಲ್ಲಿ ಪೂರ್ತಿ ಒಣಗಿಸಿದರೆ ಮಲಗಿದ್ದ ನಾರು ಎದ್ದು ನಿಂತು ಕೈಗೆ ತರಿತರಿ ಹತ್ತುತ್ತದೆ. ಆಗ 400 ನಂಬರಿನ ಉಪ್ಪುಕಾಗದದಲ್ಲಿ ನಾರಿನ ಉದ್ದಕ್ಕೆ ಉಜ್ಜಬೇಕು, ಅಡ್ಡಕ್ಕಲ್ಲ. ಇನ್ನೊಮ್ಮೆ ಒದ್ದೆ, ಇನ್ನೊಮ್ಮೆ ಒಣಗು, ಇನ್ನೊಮ್ಮೆ ಉಜ್ಜು. ಎರಡು ಸಲವಾದ ಮೇಲೆ ನಾರು ಏಳುವುದಿಲ್ಲ, ತುಟಿಗೆ ಸಿಬಿರು ಚುಚ್ಚುವ ಭಯವೂ ಇಲ್ಲ. ಆಮೇಲೆ ಎಣ್ಣೆ. ತೆಂಗಿನೆಣ್ಣೆ ಹಚ್ಚಬಹುದು, ಆದರೆ ಅದು ಒಣಗುವ ಎಣ್ಣೆಯಲ್ಲ, ಹಿಡಿ ಜಾರುತ್ತದೆ, ಹದಿನೈದು ದಿನಕ್ಕೆ ತೊಳೆದು ಹೋಗುತ್ತದೆ. ನಾಲ್ಕು ಚಮಚ ತೆಂಗಿನೆಣ್ಣೆಗೆ ಒಂದು ಚಮಚ ಜೇನುಮೇಣ ಕರಗಿಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಬಟ್ಟೆಯಲ್ಲಿ ಒರೆಸಿದರೆ ಒಂದೂವರೆ ತಿಂಗಳು ತಡೆಯುತ್ತದೆ. ಅಗಸೆ ಎಣ್ಣೆ ಇನ್ನೂ ಒಳ್ಳೆಯದು, ಗಾಳಿಗೆ ತಾನೇ ಗಟ್ಟಿಯಾಗುತ್ತದೆ. ಆದರೆ ಅಡುಗೆಗೆ ಬಳಸುವ ಗಾಣದ ಎಣ್ಣೆಯೇ ಆಗಬೇಕು, ಪೇಂಟ್ ಅಂಗಡಿಯ 'ಬಾಯ್ಲ್ಡ್' ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣ ಬೆರೆಸಿರುತ್ತಾರೆ. ಹಚ್ಚಿ ವಾರವಾದರೂ ಒಣಗಬೇಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳುವುದುಂಟು. ಹರವಿ ಒಣಗಿಸಿ. ಎಣ್ಣೆ ಹಿಡಿಗೆ ಮಾತ್ರ, ಕೂದಲಿನ ಬುಡಕ್ಕೆ ಹತ್ತದಂತೆ ಕುತ್ತಿಗೆಯಲ್ಲೇ ನಿಲ್ಲಿಸಿ.

ಇನ್ನೊಂದು ಸಣ್ಣ ಗೋಳು: ನಾಲ್ಕೂ ಬ್ರಶ್ ಒಂದೇ ಬಣ್ಣ. ದಾರ ಕಟ್ಟಿದರೆ ನೀರು ಹಿಡಿದು ಅಲ್ಲೇ ಬೂಷ್ಟು ಬರುತ್ತದೆ. ಕಾದ ಮೊಳೆಯ ತುದಿಯಿಂದ ಹಿಡಿಯ ಮೇಲೆ ಒಂದು, ಎರಡು, ಮೂರು, ನಾಲ್ಕು ಚುಕ್ಕಿ ಸುಟ್ಟರೆ ಅಳಿಸುವುದೂ ಇಲ್ಲ, ಕೊಳೆ ಕೂರುವುದೂ ಇಲ್ಲ. ಎಣ್ಣೆ ಹಚ್ಚುವ ಮೊದಲೇ ಸುಡಬೇಕು.

ಬಿದಿರಿನ ಬ್ರಶ್ ಬಿಟ್ಟು ಪ್ಲಾಸ್ಟಿಕ್ಕಿಗೆ ವಾಪಸು ಹೋದವರನ್ನು ಕೇಳಿ, ಹತ್ತರಲ್ಲಿ ಎಂಟು ಮಂದಿ 'ಕಪ್ಪಾಯಿತು' ಅನ್ನುತ್ತಾರೆ. ತಪ್ಪು ಬಿದಿರಿನದಲ್ಲ, ಲೋಟದ್ದು. ಬಚ್ಚಲ ಗೂಡಿನಲ್ಲಿ ಒಂದು ಪ್ಲಾಸ್ಟಿಕ್ ಲೋಟ, ಅದರಲ್ಲಿ ಎಲ್ಲರ ಬ್ರಶ್. ತಲೆಯಿಂದ ಇಳಿದ ನೀರು ಹಿಡಿಯುದ್ದಕ್ಕೂ ಹರಿದು ಲೋಟದ ತಳದಲ್ಲಿ ಅರ್ಧ ಬೆರಳು ನಿಲ್ಲುತ್ತದೆ, ಪೇಸ್ಟಿನ ಗಸಿಯೂ ಅದರಲ್ಲೇ. ಬಿದಿರಿನ ಕೊಯ್ದ ತುದಿ ಅಂದರೆ ಸಾವಿರ ಸ್ಟ್ರಾಗಳ ಬಾಯಿ ಇದ್ದ ಹಾಗೆ, ತಳದಿಂದ ನೀರು ಎಳೆಯುತ್ತಲೇ ಇರುತ್ತದೆ. ಪ್ಲಾಸ್ಟಿಕ್ ಹಿಡಿಗೆ ಇದರಿಂದ ಏನೂ ಆಗುತ್ತಿರಲಿಲ್ಲ, ಬಿದಿರು ಹತ್ತು ದಿನದಲ್ಲಿ ತಳದಿಂದ ಕಪ್ಪೇರುತ್ತದೆ. ಕುತ್ತಿಗೆ ಸಿಕ್ಕಿಸಿ ತೂಗಿಬಿಡುವ ಸ್ಟೀಲ್ ಸ್ಟ್ಯಾಂಡ್ ಹಾಕಿ. ತಳ ಗಾಳಿಯಲ್ಲಿರಬೇಕು, ಒಂದು ಬ್ರಶ್ಶಿಗೂ ಇನ್ನೊಂದಕ್ಕೂ ಎರಡು ಬೆರಳು ಅಂತರ ಇರಬೇಕು. ಬಳಸಿದ ಮೇಲೆ ಕೂದಲನ್ನು ಕೈಮೇಲೆ ಮೂರು ಸಲ ಕುಟ್ಟಿ ನೀರು ಉದುರಿಸಿ, ಹಿಡಿಯನ್ನು ಟವೆಲಿನಲ್ಲಿ ಒರೆಸಿ ಇಡುವುದು. ಇಷ್ಟೇ ಸಾಕು, ಅಕ್ಟೋಬರಿನಿಂದ ಮೇ ತನಕ.

ಜೂನ್ ಹತ್ತಿದ ಮೇಲೆ ಇಷ್ಟು ಸಾಲದು. ಸಾಗರ, ತೀರ್ಥಹಳ್ಳಿ, ಉಡುಪಿ ಕಡೆ ಹಾಕಿದ ಒಳಬಟ್ಟೆಯೇ ಮೂರು ದಿನ ಒಣಗದಿರುವಾಗ ಬ್ರಶ್ ಒಣಗೀತೇ? ಬೆಳಗ್ಗೆ ಉಜ್ಜಿದ್ದು ರಾತ್ರಿಗೂ ಒದ್ದೆ, ರಾತ್ರಿಯದು ಬೆಳಗ್ಗೆಗೂ ಒದ್ದೆ. ಇದಕ್ಕೆ ನನಗೆ ದಕ್ಕಿದ ಉಪಾಯ ಒಂದೇ, ಒಬ್ಬೊಬ್ಬರಿಗೂ ಎರಡೆರಡು ಬ್ರಶ್. ಒಂದು ಬೆಳಗಿನದು, ಇನ್ನೊಂದು ರಾತ್ರಿಯದು. ಆಗ ಪ್ರತಿಯೊಂದಕ್ಕೂ ಒಣಗಲು ಇಡೀ ದಿನ ಸಿಗುತ್ತದೆ. ಸವೆತವೂ ಅರ್ಧ, ಹಾಗಾಗಿ ಜೂನಿನಲ್ಲಿ ತೆಗೆದ ಜೋಡಿ ಸೆಪ್ಟೆಂಬರ್ ಕೊನೆ ತನಕ ಬರುತ್ತದೆ. ವರ್ಷಕ್ಕೆ 16 ಇದ್ದದ್ದು 20 ಆಗುತ್ತದೆ. ಬಿದಿರಿನ ಬ್ರಶ್ ಹೇಗೂ ಎರಡು ಮೂರು ಪಟ್ಟು ದುಬಾರಿ, ಈ ನಾಲ್ಕರ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಮಳೆಗಾಲದಲ್ಲಿ ಸ್ಟ್ಯಾಂಡನ್ನು ಬಚ್ಚಲಿನಿಂದ ಹೊರತೆಗೆದು ಗಾಳಿಯಾಡುವ ಕಿಟಕಿಯ ಹತ್ತಿರಕ್ಕೆ ತನ್ನಿ. ಪ್ಲಾಸ್ಟಿಕ್ ಟೊಪ್ಪಿ ಹಾಕಿ ಮುಚ್ಚುವುದಂತೂ ಬೂಷ್ಟಿಗೆ ಮನೆ ಕಟ್ಟಿಕೊಟ್ಟ ಹಾಗೆ.

ತಳದಲ್ಲಿ ಮಾತ್ರ ಕಪ್ಪು ಚುಕ್ಕಿ ಬಂದಿದ್ದರೆ ಉಳಿಸಬಹುದು. ಔಷಧಿ ಅಂಗಡಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ಸಾಮಾನ್ಯವಾಗಿ ಶೇ 6ರದ್ದು, ಅಷ್ಟೇ ನೀರು ಬೆರೆಸಿ ಹತ್ತು ನಿಮಿಷ ತಳವನ್ನು ಅದ್ದಿ, ತೊಳೆದು, ಬಿಸಿಲಿಗಿಟ್ಟು, ಉಪ್ಪುಕಾಗದ ಹಾಕಿ, ಮತ್ತೆ ಎಣ್ಣೆ. ಕೂದಲಿನ ಬುಡದಲ್ಲಿ ಕಪ್ಪು ಕಂಡರೆ ಉಳಿಸುವ ಮಾತಿಲ್ಲ, ಬಿಸಾಡಿ. ಕುದಿಯುವ ನೀರಿಗೆ ಹಾಕಿದರೆ ಬೂಷ್ಟು ಸಾಯಬಹುದು, ಆದರೆ ನೈಲಾನ್ ಮೆತ್ತಗಾಗಿ ಕೂದಲು ಸೊಟ್ಟಗಾಗುತ್ತದೆ, ಬಿದಿರು ಬಿರಿಯುತ್ತದೆ. ಮೊದಲ ವಾರ ಒಂದೆರಡು ಎಳೆ ಬಾಯಿಗೆ ಬಂದರೆ ಅದು ಸಡಿಲವಾಗಿ ಕೂತಿದ್ದ ಎಳೆ, ಗಾಬರಿ ಬೇಡ. ಎರಡು ತಿಂಗಳಾದ ಮೇಲೆ ಕುಚ್ಚಿಗೆ ಕುಚ್ಚೇ ಕಿತ್ತು ಬಂದರೆ ಕಾರಣ ಬೇರೆ: ಉಬ್ಬಿ, ಒಣಗಿ, ಮತ್ತೆ ಉಬ್ಬಿ ತೂತು ಸಡಿಲವಾಗಿದೆ, ಒಳಗಿನ ಲೋಹದ ಚೂರಿಗೆ ಹಿಡಿತ ತಪ್ಪಿದೆ. ಅದನ್ನು ಮುಂದುವರಿಸಬೇಡಿ, ಚೂರು ಗಂಟಲಿಗಿಳಿದೀತು.

ವರ್ಷದ ಬ್ರಶ್ಶನ್ನು ಒಟ್ಟಿಗೆ ಕೊಂಡರೆ ಅಗ್ಗ, ನಿಜ. ಆದರೆ ಬಿದಿರಿನ ಪಿಷ್ಟಕ್ಕೆ ಕುಟ್ಟೆ ಹುಳು ಬರುತ್ತದೆ. ಮೇದಾರರ ಬುಟ್ಟಿ, ಮೊರಗಳನ್ನು ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದು ಇದಕ್ಕೇ. ಹೊಗೆ ವಾಸನೆಯ ಬ್ರಶ್ ಯಾರಿಗೂ ಬೇಡ, ಆದ್ದರಿಂದ ಆರು ತಿಂಗಳಿಗಾಗುವಷ್ಟು ಕೊಂಡು ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿಡಿ. ಡಬ್ಬಿಯ ತಳದಲ್ಲಿ ಹಿಟ್ಟಿನಂಥ ಹಳದಿ ಪುಡಿ ಕಂಡರೆ ಹುಳು ಬಿದ್ದಿದೆ ಎಂದರ್ಥ.

ಕೊನೆಗೆ ಬಿಸಾಡುವ ಕೆಲಸ. ಇದನ್ನು ಮಾಡದಿದ್ದರೆ ಹಿಂದಿನದೆಲ್ಲ ವ್ಯರ್ಥ. ಚೆನ್ನಾಗಿ ಒಣಗಿದ ಬ್ರಶ್ ತೆಗೆದುಕೊಂಡು, ಹಳೆ ಪೇಪರ್ ಹಾಸಿ, ಮೂತಿ ಚೂಪಾದ ಇಕ್ಕಳದಲ್ಲಿ ಒಂದು ಕುಚ್ಚನ್ನು ಬುಡದಲ್ಲಿ ಹಿಡಿಯಿರಿ. ನೇರ ಮೇಲಕ್ಕೆ ಎಳೆದರೆ ಎಳೆ ಮಾತ್ರ ಜಾರಿ ಬರುತ್ತದೆ, ಲೋಹ ಒಳಗೇ ಉಳಿಯುತ್ತದೆ. ಮೊಳೆ ಕೀಳುವಾಗ ಮಾಡುವಂತೆ ಇಕ್ಕಳವನ್ನು ಪಕ್ಕಕ್ಕೆ ಹೊರಳಿಸಿ. 'ಟಕ್' ಎಂದು ಕುಚ್ಚಿನ ಜೊತೆ ಎರಡು ಮಿಲಿಮೀಟರಿನ ಹೊಳೆಯುವ ತಗಡಿನ ಚೂರೂ ಬರುತ್ತದೆ. ಮೂವತ್ತರಿಂದ ನಲವತ್ತು ಕುಚ್ಚು, ಕೈ ಕೂತ ಮೇಲೆ ಮೂರು ನಿಮಿಷದ ಕೆಲಸ. ಬರಿಗಾಲಲ್ಲಿ ಓಡಾಡುವ ಜಾಗದಲ್ಲಿ ಕೂರಬೇಡಿ. ಕೂದಲು ಒಂದು ಬ್ರಶ್ಶಿಗೆ ಸುಮಾರು ಒಂದು ಗ್ರಾಂ, ಅದಕ್ಕೆ ಬೇರೆ ದಾರಿಯಿಲ್ಲ, ಪೊಟ್ಟಣ ಕಟ್ಟಿ ಮರುಬಳಕೆಯಾಗದ ಕಸಕ್ಕೆ. 270 ಗ್ರಾಂ ಇದ್ದದ್ದು 20 ಗ್ರಾಂಗೆ ಇಳಿಯಿತು ಎಂಬುದೇ ಇಡೀ ಲಾಭ.

ಹಿಡಿಯನ್ನು ಬಚ್ಚಲ ಒಲೆ ಇರುವವರು ಒಲೆಗೆ ಹಾಕಬಹುದು, ಕೂದಲು ಒಂದೂ ಉಳಿದಿರಬಾರದು. ಪೇಟೆಯ ಮನೆಯ ಗೊಬ್ಬರದ ಮಡಕೆಗೆ ಇಡಿಯಾಗಿ ಹಾಕಿದರೆ ಮೂರು ತಿಂಗಳ ಮೇಲೂ ಹಾಕಿದ ಹಾಗೇ ಸಿಗುತ್ತದೆ. ಬೆರಳಿನ ಅಗಲಕ್ಕೆ ತುಂಡು ಮಾಡಿ, ಕತ್ತಿಯಿಂದ ಉದ್ದಕ್ಕೆ ಸೀಳಿ ಹಾಕಿ, ಆಮೇಲೂ ಒಂದು ಮಳೆಗಾಲ ಬೇಕು. ಹಿತ್ತಿಲಿದ್ದರೆ ತೆಂಗಿನ ಬುಡದಲ್ಲಿ ಹೂತುಬಿಡಿ, ಗೆದ್ದಲು ನೋಡಿಕೊಳ್ಳುತ್ತದೆ. ಗಿಡದ ಹೆಸರು ಬರೆದು ಕುಂಡಕ್ಕೆ ಚುಚ್ಚುವ ಆಸೆ ಎಲ್ಲರಿಗೂ ಬರುತ್ತದೆ, ನೆಲದಲ್ಲಾದರೆ ಅದನ್ನೂ ಗೆದ್ದಲೇ ಓದಿ ಮುಗಿಸುತ್ತದೆ.

ಹಾಗೇ ಹಳೆಯ ಪ್ಲಾಸ್ಟಿಕ್ ಬ್ರಶ್, ಹಿಡಿಯ ತುದಿಯಲ್ಲಿ ತೂತಿರುವುದು, ಒಂದನ್ನು ಎತ್ತಿಡಿ. ಲಂಗಕ್ಕೆ ಲಾಡಿ ಏರಿಸಲು ಅದಕ್ಕಿಂತ ಒಳ್ಳೆಯ ಸಾಧನ ನನಗಿನ್ನೂ ಸಿಕ್ಕಿಲ್ಲ. ಬಿದಿರಿನದಕ್ಕೆ ತೂತು ಕೊರೆದು ನೋಡಿದ್ದೇನೆ, ನಾರು ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ.