ಸಿಎನ್‌ಜಿ ಸಿಲಿಂಡರಿನ ಸೇಫ್ಟಿ ವಾಲ್ವ್: ಆರಿಸುವುದು, ಕೂರಿಸುವುದು, ಕಾಯುವುದು

ಪ್ರೆಶರ್ ಕುಕ್ಕರಿನ ಮುಚ್ಚಳದಲ್ಲಿ ಎರಡು ಕಾವಲುಗಳಿವೆ. ಒತ್ತಡ ಏರಿದಾಗ ವೆಯ್ಟ್ ಎದ್ದು ಸೀಟಿ ಹೊಡೆದು ಮತ್ತೆ ಕೂರುತ್ತದೆ. ಪಕ್ಕದ ಸೇಫ್ಟಿ ವಾಲ್ವ್ ಒಮ್ಮೆ ಕರಗಿದರೆ ಮುಗಿಯಿತು, ಹೊಸದನ್ನೇ ಹಾಕಬೇಕು. ಸಿಎನ್‌ಜಿ ಸಿಲಿಂಡರಿನ ಮುಖ್ಯ ಕಾವಲು ಈ ಎರಡನೆಯ ಜಾತಿಯದು. ಮೆಕ್ಯಾನಿಕ್‌ಗಳು ಇದನ್ನು ಪಿಆರ್‌ಡಿ (ಪ್ರೆಶರ್ ರಿಲೀಫ್ ಡಿವೈಸ್) ಎನ್ನುತ್ತಾರೆ.

ಕುಕ್ಕರಿನ ವೆಯ್ಟ್‌ನಂಥದ್ದು ಇಲ್ಲೇಕೆ ಸಲ್ಲದು? ಸಿಲಿಂಡರಿಗೆ ತುಂಬುವುದು 15 ಡಿಗ್ರಿ ಸೆಲ್ಸಿಯಸ್‌ನಲ್ಲಿ 200 ಬಾರ್ ಲೆಕ್ಕದಲ್ಲಿ. ಬಿಸಿಲು ಏರಿದರೆ ಅದೇ ಅನಿಲದ ಒತ್ತಡ ತಾನಾಗಿ ಹೆಚ್ಚುತ್ತದೆ. 260 ಬಾರ್‌ವರೆಗೂ ಹೋಗಬಹುದೆಂದು ಮೊದಲೇ ಲೆಕ್ಕ ಹಾಕಿಯೇ ಸಿಲಿಂಡರ್ ಮಾಡಿರುತ್ತಾರೆ. ಅದಕ್ಕೂ ಕಡಿಮೆ ಒತ್ತಡಕ್ಕೆ ಸ್ಪ್ರಿಂಗ್ ವಾಲ್ವ್ ಹೊಂದಿಸಿದರೆ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯಿಂದ ಸುಮ್ಮನೆ ಗ್ಯಾಸ್ ಹೋಗುತ್ತಿರುತ್ತದೆ. ಹೆಚ್ಚಿನದಕ್ಕೆ ಹೊಂದಿಸಿದರೆ ಇನ್ನೂ ಕೆಟ್ಟದ್ದು. ಅರ್ಧ ಖಾಲಿಯಾದ ಸಿಲಿಂಡರಿಗೆ ಬೆಂಕಿ ತಗುಲಿದಾಗ ಒತ್ತಡ ಆ ಮಟ್ಟ ಮುಟ್ಟುವ ಮೊದಲೇ ಗೋಡೆ ಬಲ ಕಳೆದುಕೊಂಡು ಸಿಡಿಯಬಹುದು. ಆದ್ದರಿಂದ ಈ ವಾಲ್ವ್ ಒತ್ತಡವನ್ನಲ್ಲ, ಬಿಸಿಯನ್ನು ಗುರುತಿಸಬೇಕು. ವಿಶ್ವಸಂಸ್ಥೆಯ 110ನೇ ವಾಹನ ನಿಯಮ ಕೇಳುವುದೂ ಇದನ್ನೇ. ಸಾಮಾನ್ಯ ಮಾದರಿಯಲ್ಲಿ ಸುಮಾರು 110 ಡಿಗ್ರಿಗೆ ಕರಗುವ ಮಿಶ್ರಲೋಹದ ಬಿರಡೆ ಇರುತ್ತದೆ. ಅದು ಕರಗಿದರೆ ದಾರಿ ತೆರೆದು, ಮತ್ತೆ ಮುಚ್ಚಿಕೊಳ್ಳದೆ, ಇದ್ದ ಅನಿಲವನ್ನೆಲ್ಲ ಹೊರಬಿಡುತ್ತದೆ.

ಮೊದಲು ಆಯ್ಕೆ

ಮರೆ (ತಿರುಪಿನ ಥ್ರೆಡ್) ಕೂತಿತೆಂದು ಕೈಗೆ ಸಿಕ್ಕ ಪಿಆರ್‌ಡಿ ಹಾಕಬೇಡಿ. ಸಿಲಿಂಡರನ್ನು ಬೆಂಕಿಯ ಮೇಲಿಟ್ಟು ಪರೀಕ್ಷಿಸುವಾಗ ಯಾವ ಪಿಆರ್‌ಡಿ ಇತ್ತೋ ಅದಕ್ಕಷ್ಟೇ ಒಪ್ಪಿಗೆ. ತಯಾರಕರ ಕೈಪಿಡಿಯ ಪಾರ್ಟ್ ನಂಬರ್ ತಾಳೆ ನೋಡಿ. ಕೆಲವು ವಾಲ್ವ್‌ಗಳಲ್ಲಿ ಒತ್ತಡಕ್ಕೆ ಹರಿಯುವ ತೆಳು ತಗಡೂ ಇರುತ್ತದೆ. 110ನೇ ನಿಯಮದಲ್ಲಿ ಅದು ಹರಿಯಬೇಕಾದದ್ದು 340 ಬಾರ್‌ನ ಆಸುಪಾಸಿನಲ್ಲಿ. ಬಿರಡೆ ಮತ್ತು ತಗಡು ಒಂದರ ಹಿಂದೊಂದು ಕೂತಿದ್ದರೆ ಎರಡೂ ಬಿಟ್ಟುಕೊಟ್ಟರಷ್ಟೇ ಅನಿಲ ಹೊರಬರುತ್ತದೆ ಎನ್ನುವುದು ನೆನಪಿರಲಿ.

ಜಾಗ: ಎಡವುವುದು ಇಲ್ಲೇ

ಪಿಆರ್‌ಡಿಗೆ ಗೊತ್ತಾಗುವುದು ತನ್ನ ಮೈಗೆ ತಾಗಿದ ಬಿಸಿ ಮಾತ್ರ. ಉದ್ದನೆಯ ಸಿಲಿಂಡರಿನ ಒಂದು ತುದಿಯಲ್ಲಿ ವಾಲ್ವ್ ಇದ್ದು ಇನ್ನೊಂದು ತುದಿಗೆ ಉರಿ ತಗುಲಿದರೆ ಅದು ತೆಪ್ಪಗೆ ಕೂತಿರುತ್ತದೆ. ಕಾರ್ಬನ್ ಅಥವಾ ಗಾಜಿನ ನಾರು ಸುತ್ತಿದ ಸಿಲಿಂಡರಿನಲ್ಲಿ ಈ ಅಪಾಯ ಹೆಚ್ಚು, ಏಕೆಂದರೆ ನಾರಿನ ಗೋಡೆ ಉಕ್ಕಿನಂತೆ ಬಿಸಿಯನ್ನು ದಾಟಿಸುವುದಿಲ್ಲ. ಬೆಂಕಿ ಪರೀಕ್ಷೆಯಲ್ಲಿ ಉರಿಯ ಉದ್ದ 1.65 ಮೀಟರ್. ಸಿಲಿಂಡರ್ ಅದಕ್ಕಿಂತ ಉದ್ದವಿದ್ದು ಪಿಆರ್‌ಡಿ ಒಂದೇ ಕಡೆ ಇದ್ದರೆ, ಉರಿಯನ್ನು ಬೇಕೆಂದೇ ಎದುರು ತುದಿಯಿಂದ ಶುರು ಮಾಡುತ್ತಾರೆ. ಬಸ್, ಲಾರಿಗಳ ಉದ್ದ ಸಿಲಿಂಡರುಗಳಿಗೆ ಎರಡೂ ತುದಿಗೆ ಪಿಆರ್‌ಡಿ ಇರುವುದು ಇದೇ ಕಾರಣಕ್ಕೆ. ತಯಾರಕರು ಎರಡು ಕೊಟ್ಟಿದ್ದರೆ ಒಂದನ್ನು ಬಿಟ್ಟು ಆ ತೂತಿಗೆ ಬರೀ ಮುಚ್ಚಳ ಜಡಿಯುವುದು ಉಳಿತಾಯವಲ್ಲ, ಹುಚ್ಚುತನ. ಪಿಆರ್‌ಡಿ ಸೈಲೆನ್ಸರ್ ಕೊಳವೆಯಿಂದ ಕನಿಷ್ಠ 100 ಮಿಲಿಮೀಟರ್ ದೂರ ಇರಬೇಕು. ಆಗದಿದ್ದರೆ ನಡುವೆ ಶಾಖ ತಡೆಯುವ ತಗಡು ಬೇಕು.

ಬಿಚ್ಚುವುದು, ಬಿಗಿಯುವುದು

ಸಿಲಿಂಡರಿನ ಕೈ ವಾಲ್ವ್ ತಿರುಗಿಸಿ ಮುಚ್ಚಿದೆ, ಇನ್ನು ಪಿಆರ್‌ಡಿ ಬಿಚ್ಚಬಹುದು ಎಂದುಕೊಳ್ಳುವುದು ಪ್ರಾಣಕ್ಕೇ ಎರವಾಗುವ ತಪ್ಪು. ಆ ವಾಲ್ವ್ ಎಂಜಿನ್ ಕಡೆಯ ದಾರಿಯನ್ನಷ್ಟೇ ಮುಚ್ಚುತ್ತದೆ. ಪಿಆರ್‌ಡಿ ಸದಾ ಸಿಲಿಂಡರಿನ ಪೂರ್ತಿ ಒತ್ತಡಕ್ಕೆ ಒಡ್ಡಿಕೊಂಡೇ ಇರುತ್ತದೆ, ಇರಲೇಬೇಕು. ಸಿಲಿಂಡರ್ ಪೂರ್ತಿ ಖಾಲಿಯಾದದ್ದು ಖಚಿತವಾದ ಮೇಲೆಯೇ ಸ್ಪ್ಯಾನರ್ ಹಿಡಿಯಬೇಕು. ಹೊಸ ಓ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಬಳೆ) ಹಾಕಿ, ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಿಂದ ತಯಾರಕರು ಹೇಳಿದಷ್ಟೇ ಬಿಗಿಯಿರಿ. ಸೋರಿದರೆ ಇನ್ನೊಂದು ಸುತ್ತು ಬಿಗಿಯುವುದಲ್ಲ. ಒತ್ತಡ ಇಳಿಸಿ, ಬಿಚ್ಚಿ, ಮರೆ ಮತ್ತು ರಿಂಗ್ ಎರಡನ್ನೂ ನೋಡಿ.

ಹೊರದಾರಿ

ಡಿಕ್ಕಿಯೊಳಗೆ ಸಿಲಿಂಡರ್ ಇದ್ದರೆ ವಾಲ್ವನ್ನು ಅನಿಲ ಸೋರದ ಕವಚ ಸುತ್ತುವರಿದಿರಬೇಕು. ಅದರ ಕೊಳವೆ ಗಾಡಿಯಿಂದಾಚೆ ತೆರೆದುಕೊಳ್ಳಬೇಕು. ಕನಿಷ್ಠ ತೆರಪು 450 ಚದರ ಮಿಲಿಮೀಟರ್, ಅಂದರೆ ಒಳವ್ಯಾಸ ಹೆಚ್ಚುಕಡಿಮೆ 24 ಮಿಲಿಮೀಟರ್. ಕೊಳವೆಯ ಬಾಯಿ ಚಕ್ರದ ಗೂಡಿಗಾಗಲಿ ಸೈಲೆನ್ಸರಿಗಾಗಲಿ ಮುಖ ಮಾಡಿರಬಾರದು. ಚಾವಣಿಯ ಸಿಲಿಂಡರುಗಳ ಕೊಳವೆ ಮೇಲ್ಮುಖವಾಗಿದ್ದರೆ ಮಳೆನೀರು ಒಳಗಿಳಿಯದಂತೆ ಟೋಪಿ ಬೇಕು. ನಿಂತ ನೀರು ಚಳಿಗೆ ಹೆಪ್ಪುಗಟ್ಟಿದರೆ ದಾರಿ ಕಟ್ಟಿಕೊಳ್ಳುತ್ತದೆ. ಆದರೆ ಆ ಟೋಪಿ ಅನಿಲ ನುಗ್ಗಿದೊಡನೆ ಹಾರಿಹೋಗುವಷ್ಟು ಸಡಿಲ ಇರಬೇಕು; ಟೇಪ್ ಸುತ್ತಬೇಡಿ.

ಸೋರಿಕೆ ನೋಡುವುದು, ಆಮೇಲೂ ನೋಡುತ್ತಿರುವುದು

ಒತ್ತಡವನ್ನು ಒಮ್ಮೆಲೇ ಏರಿಸದೆ ಹಂತಹಂತವಾಗಿ ಏರಿಸಿ, ಪ್ರತಿ ಹಂತದಲ್ಲೂ ಜೋಡಣೆಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡಿ. ಅಮೋನಿಯ ಇರುವ ಕ್ಲೀನರ್ ಬೇಡ, ಅದು ಹಿತ್ತಾಳೆಯಲ್ಲಿ ಬಿರುಕು ತರುತ್ತದೆ.

ನಿಗದಿತ ತಪಾಸಣೆಯಲ್ಲಿ ಬಿರಡೆಯ ಬಾಯನ್ನು ಟಾರ್ಚ್ ಹಾಕಿ ನೋಡಿ. ಮಿಶ್ರಲೋಹ ಮೆತ್ತಗಿನದು, ವರ್ಷಗಟ್ಟಲೆ ಒತ್ತಡ ತಿಂದು, ಕರಗದೆಯೇ ಹೊರಗೆ ಜಾರಿ ಉಬ್ಬಿದ್ದರೆ ಆ ಪಿಆರ್‌ಡಿ ಬದಲಿಸಬೇಕು. ತುಕ್ಕು ತಡೆಯಲೆಂದು ಗಾಡಿಯ ತಳಕ್ಕೆ ಹೊಡೆಯುವ ಕಪ್ಪು ಲೇಪ ಇದರ ಮೇಲೆ ಬಿದ್ದಿರಬಾರದು. ಗಾಡಿಯ ಮೈಗೆ ಪೇಂಟ್ ಹೊಡೆದು ಓವನ್ನಿನಲ್ಲಿ ಒಣಗಿಸುವುದಿದ್ದರೆ ಸಿಲಿಂಡರ್ ಮೊದಲೇ ಕಳಚಿಡಿ.

ಗಾಡಿಗೆ ಬೆಂಕಿ ಬಿದ್ದು ಪಿಆರ್‌ಡಿ ತೆರೆದರೆ ದೊಡ್ಡ ಸದ್ದಿನೊಂದಿಗೆ ಉದ್ದನೆಯ ಜ್ವಾಲೆ ಚಿಮ್ಮಬಹುದು. ನೋಡಲು ಭಯಂಕರ, ಆದರೆ ವಾಲ್ವ್ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ದೂರ ಸರಿದು, ಖಾಲಿಯಾಗುವವರೆಗೆ ಉರಿಯಲು ಬಿಡಬೇಕು. ತೆರೆಯದ ಪಿಆರ್‌ಡಿಯ ಮೇಲೆ ನೀರು ಹಾಯಿಸಿದರೆ ಅದೊಂದೇ ತಣ್ಣಗಾಗಿ, ಸಿಲಿಂಡರ್ ಮಾತ್ರ ಕಾಯುತ್ತಲೇ ಇರುತ್ತದೆ.